ಇನ್ನೂ ಗ್ರೇಡ್ ಒಂದೇನಾ?

ಶನಿವಾರದಿಂದ ಮನಸ್ಸು ಕುದಿಯುತ್ತಿದೆ. ನನ್ನ ಪಿಯಾನೊ ಕ್ಲಾಸ್ ಮುಗಿದಿತ್ತು. ಎಂಟು ವರ್ಷದ ಹುಡುಗಿ ಬಾಗಿಲಲ್ಲಿ ಕೂತು ಚಪ್ಪಲಿ ಹಾಕಿಕೊಳ್ಳುತ್ತಿದ್ದಳು. ಅವಳಪ್ಪ ಅವಳೆದುರೇ ಕೇಳಿದರು: "ಮೇಡಂ, ಎರಡು ವರ್ಷ ಆಯ್ತು. ಇನ್ನೂ ಗ್ರೇಡ್ ಒಂದೇನಾ? ನಮ್ಮ ಅಪಾರ್ಟ್‌ಮೆಂಟಿನ ಹುಡುಗ ಆಗಲೇ ಮೂರು ಮುಗಿಸಿದಾನೆ." ಚಪ್ಪಲಿಯ ಬಕಲ್ ಹಾಕುತ್ತಿದ್ದ ಕೈ ಅಲ್ಲೇ ನಿಂತಿತು. ಅವಳು ತಲೆ ಎತ್ತಲಿಲ್ಲ.

ಅದಕ್ಕೆ ಹತ್ತು ನಿಮಿಷ ಮುಂಚೆ ಒಳಗೆ ಏನಾಯಿತು ಗೊತ್ತಾ? ಮಿನುಯೆಟ್ ಎಂಬ ಹಳೆಯ ಕುಣಿತದ ಲಯದ ಪೀಸ್ ನುಡಿಸುವಾಗ ಎಡಗೈ ಒಂದು ಕಡೆ ತಪ್ಪಿತು. ನಾನು ಬಾಯಿ ತೆರೆಯುವ ಮೊದಲೇ ತಾನೇ ನಿಂತಳು. ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಎಡಗೈ ಒಂದನ್ನೇ ನಿಧಾನವಾಗಿ ನಾಲ್ಕು ಸಲ ನುಡಿಸಿದಳು. ನಾಲ್ಕನೇ ಬೆರಳಿನ ಬದಲು ಮೂರನೆಯದನ್ನು ಇಟ್ಟು ನೋಡಿದಳು. ಆಮೇಲೆ ಎರಡೂ ಕೈ ಸೇರಿಸಿದಳು. ಸರಿಯಾಯಿತು! ಆರು ತಿಂಗಳ ಹಿಂದೆ ತಪ್ಪಿದರೆ ಗಡಿಬಿಡಿಯಲ್ಲಿ ಮೊದಲಿನಿಂದ ಶುರು ಮಾಡುತ್ತಿದ್ದವಳು ಇವಳೇ. ನಾನು ಎರಡು ವರ್ಷ ಕಾದಿದ್ದು ಇದಕ್ಕೇ.

ಈ ಗ್ರೇಡ್ ಪರೀಕ್ಷೆ ನಡೆಸುವುದು ಎಬಿಆರ್‌ಎಸ್‌ಎಂ ಎಂಬ ಬ್ರಿಟನ್ನಿನ ಸಂಗೀತ ಪರೀಕ್ಷಾ ಮಂಡಳಿ. ಅದರ ಪ್ರಾಕ್ಟಿಕಲ್ ಪರೀಕ್ಷೆಗೆ ಒಟ್ಟು 150 ಅಂಕ. 100 ಬಂದರೆ ಪಾಸು. ಆ 150ರಲ್ಲಿ 90 ಅಂಕ ಮೊದಲೇ ಕಲಿತು ಬರುವ ಮೂರು ಪೀಸ್‌ಗಳಿಗೇ. ಅವೇ ಮೂರನ್ನು ವರ್ಷವಿಡೀ ಉರು ಹೊಡೆಸಿದರೆ, ಉಳಿದದ್ದರಲ್ಲಿ ಸ್ವಲ್ಪವೇ ಅಂಕ ಬಂದರೂ ಮಗು ಪಾಸಾಗಿಬಿಡಬಹುದು. ನಾಲ್ಕನೆಯದನ್ನು ಮುಂದಿಟ್ಟರೆ ಒಂದು ಸಾಲೂ ಓದಲು ಬರದೇ ಇರಬಹುದು.

ಇದನ್ನು ನಾನೇ ಮಾಡಿದ್ದೇನೆ. ಕಲಿಸಲು ಶುರು ಮಾಡಿದ ಹೊಸದರಲ್ಲಿ ಒಬ್ಬ ಹುಡುಗನನ್ನು ಮೂರು ವರ್ಷದಲ್ಲಿ ಮೂರು ಗ್ರೇಡ್ ದಾಟಿಸಿದೆ. ಸರ್ಟಿಫಿಕೇಟುಗಳು ಅವರ ಮನೆಯ ಗೋಡೆ ಏರಿದವು. ನಾಲ್ಕನೇ ವರ್ಷ ಅವನು ಪಿಯಾನೊ ಮುಟ್ಟಲೇ ಇಲ್ಲ. ಆ ತಪ್ಪು ನನ್ನದು. ಇವತ್ತಿಗೂ ನೋಯುತ್ತದೆ.

ಪರೀಕ್ಷೆ ಇಲ್ಲದಿದ್ದರೆ ಮಕ್ಕಳು ಪ್ರಾಕ್ಟೀಸ್‌ಗೆ ಕೂರಲ್ಲ ಅಂತ ಅಪ್ಪ-ಅಮ್ಮಂದಿರು ನೀವು ಅಂತೀರಿ. ಕೆಲವರಿಗೆ ಗುರಿ ಬೇಕು, ಒಪ್ಪುತ್ತೇನೆ. ಆದರೆ ಶನಿವಾರದ ಈ ಹುಡುಗಿ ಮನೆಯಲ್ಲಿ ನುಡಿಸುವುದು 61 ಕೀಗಳ ಕೀಬೋರ್ಡ್. ಒತ್ತಿದರೆ ಹಗುರ. ನನ್ನ ಪಿಯಾನೊ ಕೀಗಳು ಭಾರ. ಪ್ರತಿ ವಾರ ಮೊದಲ ಹತ್ತು ನಿಮಿಷ ಬೆರಳು ಹೊಂದಿಕೊಳ್ಳುವುದರಲ್ಲೇ ಹೋಗುತ್ತದೆ. ಸ್ಕೂಲು, ಟ್ಯೂಷನ್, ಬೆಂಗಳೂರಿನ ಟ್ರಾಫಿಕ್ ಎಲ್ಲ ಕಳೆದು ದಿನಕ್ಕೆ ಅವಳಿಗೆ ಉಳಿಯುವುದು ಹದಿನೈದು ನಿಮಿಷ. ಅಪಾರ್ಟ್‌ಮೆಂಟಿನ ಆ ಹುಡುಗನಿಗೆ ಎಷ್ಟು ಉಳಿಯುತ್ತದೆ ಅಂತ ಅವಳಪ್ಪ ಕೇಳಿದ್ದಾರಾ?

ಚಿಕ್ಕಂದಿನಲ್ಲಿ ನಾನು ಕರ್ನಾಟಕ ಸಂಗೀತದ ಮೊದಲ ಪಾಠವಾದ ಸರಳೆ ವರಸೆಯಲ್ಲೇ ಒಂದು ವರ್ಷ ಕೂತಿದ್ದೆ. ಮೂರು ಕಾಲದಲ್ಲೂ, ಅಂದರೆ ಮೂರು ವೇಗದಲ್ಲೂ, ನಿಲ್ಲುವವರೆಗೆ ಮೇಷ್ಟ್ರು ಮುಂದಿನ ಪಾಠವಾದ ಜಂಟಿ ವರಸೆಗೆ ಬಿಡಲಿಲ್ಲ. ಅಮ್ಮ ಒಂದು ದಿನವೂ ಯಾಕೆ ಅಂತ ಕೇಳಲಿಲ್ಲ. ಅಡುಗೆಮನೆಯಿಂದಲೇ ಕೇಳಿಸಿಕೊಳ್ಳುತ್ತಿದ್ದರು, ಅಷ್ಟೇ.

ಬರುವ ಶನಿವಾರ ಅವಳಪ್ಪನನ್ನೂ ಒಳಗೆ ಕರೆದು ಕೂರಿಸುತ್ತೇನೆ. "ಎಡಗೈ ಒಂದನ್ನೇ ನುಡಿಸು ಪುಟ್ಟಿ" ಅಂತೀನಿ. ಅವರೂ ಕೇಳಲಿ.