ತೀರ್ಪು ಬಂದ 30 ದಿನಕ್ಕೆ ಬಾಕಿ ಸಂಬಳ ಖಾತೆಗೆ ಬರುತ್ತದೆಯೇ? ಸತ್ಯಾಂಶ

"ಬಾಕಿ ಸಂಬಳದ ದಾವೆ ಗೆದ್ದರೆ 30 ದಿನಗಳಲ್ಲಿ ನ್ಯಾಯಾಲಯವೇ ಹಣ ಜಮಾ ಮಾಡುತ್ತದೆ, ಕೊಡದ ಮಾಲೀಕನನ್ನು ಪೊಲೀಸರು ಬಂಧಿಸುತ್ತಾರೆ" ಎಂಬ ಸಂದೇಶ ಬೆಳಗಾವಿಯ ಕಾರ್ಮಿಕರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದರ ಎರಡೂ ಮಾತು ತಪ್ಪು.

ಸಿವಿಲ್ ನ್ಯಾಯಾಲಯದ ಡಿಕ್ರಿ (ತೀರ್ಪಿನ ಆದೇಶ) ತಾನಾಗಿ ಜಾರಿಯಾಗುವುದಿಲ್ಲ. ಮಾಲೀಕ ಕೊಡದಿದ್ದರೆ ಗೆದ್ದವರೇ ಅಮಲ್ಜಾರಿ ಅರ್ಜಿ, ಅಂದರೆ ಡಿಕ್ರಿಯನ್ನು ಜಾರಿಗೊಳಿಸಲು ಕೋರುವ ಅರ್ಜಿ, ಹಾಕಬೇಕು. ಇದಕ್ಕೆ 1963ರ ಕಾಲಮಿತಿ ಕಾಯ್ದೆ 12 ವರ್ಷಗಳ ಅವಕಾಶ ನೀಡಿದೆ. ಬೆಳಗಾವಿಯ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದ ಫೌಂಡ್ರಿ ಮುಚ್ಚಿ ಮಾಲೀಕ ಬಾಗಲಕೋಟೆಯಲ್ಲಿ ನೆಲೆಸಿದ್ದರೆ, ಹೊಸ ದಾವೆ ಬೇಕಿಲ್ಲ, ಡಿಕ್ರಿಯನ್ನೇ ಅಲ್ಲಿನ ನ್ಯಾಯಾಲಯಕ್ಕೆ ವರ್ಗಾಯಿಸಿಕೊಳ್ಳಬಹುದು. ಜಪ್ತಿ ಮಾಡಬೇಕಾದ ಆಸ್ತಿ ಯಾವುದೆಂದು ತಿಳಿಸುವ ಹೊಣೆ ಅರ್ಜಿದಾರರದ್ದು. ನಿಜವಾದ ತೊಡಕು ಇರುವುದೇ ಇಲ್ಲಿ. ಆದರೂ ಆಸ್ತಿಯ ವಿವರವನ್ನು ಶಪಥಪತ್ರದ (ಅಫಿಡವಿಟ್) ಮೂಲಕ ಸಲ್ಲಿಸುವಂತೆ ಮಾಲೀಕನಿಗೇ ಆದೇಶಿಸಬೇಕೆಂದು ಕೋರಲು, ಅವನ ಬ್ಯಾಂಕ್ ಖಾತೆಯನ್ನೂ ಅವನಿಗೆ ಇತರರಿಂದ ಬರಬೇಕಾದ ಹಣವನ್ನೂ ಜಪ್ತಿ ಮಾಡಿಸಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶದಲ್ಲಿ (ಆರ್ಡರ್ 21 ಎಂಬ ಭಾಗದಲ್ಲಿ) ದಾರಿಯಿದೆ.

ಡಿಕ್ರಿಯ ಹಣ ಕೊಡದವನನ್ನು ನ್ಯಾಯಾಲಯ ಸೆರೆಯಲ್ಲಿಡುವುದಕ್ಕೆ ಸಿವಿಲ್ ಸೆರೆವಾಸ ಎನ್ನುತ್ತಾರೆ; ಅದು ಪೊಲೀಸ್ ಬಂಧನವಲ್ಲ. ಕೊಡುವ ಶಕ್ತಿಯಿದ್ದೂ ಕೊಡುತ್ತಿಲ್ಲ ಎಂಬಂಥ ಕಾರಣ ನ್ಯಾಯಾಲಯಕ್ಕೆ ಮನವರಿಕೆಯಾದರೆ ಮಾತ್ರ, ಗರಿಷ್ಠ ಮೂರು ತಿಂಗಳು ಅದು ಸಾಧ್ಯ. ಸೆರೆಯಲ್ಲಿರುವವನ ಊಟದ ಭತ್ಯೆಯನ್ನು ಮೊದಲು ಕಟ್ಟಬೇಕಾದವರು ಸಂಬಳ ಸಿಗದ ಕಾರ್ಮಿಕರೇ ಎಂಬುದನ್ನು ಆ ಸಂದೇಶ ಹೇಳುವುದಿಲ್ಲ. ಸೆರೆಯಿಂದ ಹೊರಬಂದರೂ ಸಾಲ ಉಳಿದೇ ಇರುತ್ತದೆ.

ಕಾರ್ಮಿಕ ನ್ಯಾಯಾಲಯದ ಐತೀರ್ಪಿನ (ಕಾರ್ಮಿಕ ವಿವಾದದಲ್ಲಿ ಅದು ಕೊಡುವ ತೀರ್ಪಿನ) ದಾರಿ ಬೇರೆ: ಸರ್ಕಾರಕ್ಕೆ ಅರ್ಜಿ ಸಲ್ಲಿಸಿದರೆ, ಬಾಕಿಯನ್ನು ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಲು ಜಿಲ್ಲಾಧಿಕಾರಿಗೆ ವಸೂಲಿ ಪ್ರಮಾಣಪತ್ರ ಹೋಗುತ್ತದೆ. ಸಾಮಾನ್ಯವಾಗಿ ಈ ಅರ್ಜಿಗೆ ಒಂದೇ ವರ್ಷದ ಗಡುವು.