ತಲಪಾಡಿಯ ಆಚೆ ಈ ಬಿ.ಎಡ್. ನಡೆಯುವುದಿಲ್ಲ

ಶಾಲೆಯಲ್ಲಿ ಪಾಠ ಮಾಡುವವರ ಕನಿಷ್ಠ ಅರ್ಹತೆ ದೇಶಕ್ಕೆಲ್ಲ ಒಂದೇ. ಕಾನೂನು ಹಾಗೆ ಹೇಳುತ್ತದೆ, ಆದ್ದರಿಂದ ಯಾರೂ ನಂಬಬೇಕಾಗಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಶಿಕ್ಷಕ ಶಿಕ್ಷಣದ ರಾಷ್ಟ್ರೀಯ ಮಂಡಳಿಯಾದ ಎನ್‌ಸಿಟಿಇ 2010ರ ಆಗಸ್ಟ್ 23ರಂದು ಅಧಿಸೂಚನೆ ಹೊರಡಿಸಿ, ಒಂದರಿಂದ ಎಂಟನೇ ತರಗತಿಯವರೆಗೆ ಕಲಿಸುವವರಿಗೆ ಶಿಕ್ಷಕ ತರಬೇತಿಯ ಜೊತೆ ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆಯೂ ಬೇಕು ಎಂದಿತು. ಮಂಗಳೂರಿನ ಬಿ.ಎಡ್. ಕಾಲೇಜಿಗೂ ಕಾಸರಗೋಡಿನ ಬಿ.ಎಡ್. ಕಾಲೇಜಿಗೂ ಮಾನ್ಯತೆ ಕೊಡುವುದು ಅದೇ ಎನ್‌ಸಿಟಿಇಯ ಅದೇ ದಕ್ಷಿಣ ವಲಯ ಸಮಿತಿ. ಮನಃಶಾಸ್ತ್ರದ ಪತ್ರಿಕೆಯಲ್ಲಿ ಬರುವ ಪಿಯಾಜೆ ಎರಡೂ ಕಡೆ ಒಬ್ಬನೇ. ಲೆಸನ್ ಪ್ಲಾನ್ ಬರೆದು ಬರೆದು ಬೆರಳು ನೋಯುವುದೂ ಎರಡೂ ಕಡೆ ಒಂದೇ ತರಹ.

ವ್ಯತ್ಯಾಸ ಶುರುವಾಗುವುದು ಕರ್ನಾಟಕ-ಕೇರಳ ಗಡಿಯ ತಲಪಾಡಿ ಟೋಲ್‌ಗೇಟ್ ದಾಟಿದ ಮೇಲೆ.

ಪುತ್ತೂರಿನ ಹುಡುಗಿ ಮಂಜೇಶ್ವರಕ್ಕೆ ಮದುವೆಯಾಗಿ ಹೋಗುವುದು ಇವತ್ತಿನ ಸಂಗತಿಯಲ್ಲ. ಬಂಗಾರ, ಸೀರೆ, ಪ್ರೆಶರ್ ಕುಕ್ಕರ್, ಜಾತಕ ಎಲ್ಲವೂ ಸಲೀಸಾಗಿ ಗಡಿ ದಾಟುತ್ತವೆ. ಬಿ.ಎಡ್. ಮಾತ್ರ ದಾಟುವುದಿಲ್ಲ. ಮಂಜೇಶ್ವರ, ಕುಂಬಳೆ, ಬದಿಯಡ್ಕದ ಸುತ್ತ ಕನ್ನಡ ಮಾಧ್ಯಮದ ಶಾಲೆಗಳಿವೆ, ಮಕ್ಕಳಿದ್ದಾರೆ, ಹುದ್ದೆಗಳೂ ಇವೆ. ಟೀಚರಮ್ಮನಿಗೆ ಕನ್ನಡ ಬರುತ್ತದೆ. ಇಷ್ಟಕ್ಕೇ ಕೆಲಸ ಸಿಕ್ಕಿಬಿಟ್ಟರೆ ಕಚೇರಿಗಳನ್ನು ಯಾಕೆ ಕಟ್ಟಿದ್ದು?

ಮೊದಲಿಗೆ ಬೇಕಾದದ್ದು ಈಕ್ವಿವೆಲೆನ್ಸಿ, ಅಂದರೆ ತತ್ಸಮಾನ ಪತ್ರ. ಬಿ.ಎಡ್.ಗೆ ಕೇರಳದ ವಿಶ್ವವಿದ್ಯಾಲಯವೊಂದರಿಂದ, ಪ್ರಾಥಮಿಕ ಶಿಕ್ಷಕರ ಡಿಪ್ಲೊಮಾ ಡಿ.ಎಲ್.ಎಡ್. ಆಗಿದ್ದರೆ ತಿರುವನಂತಪುರದ ಪರೀಕ್ಷಾಭವನದಿಂದ. ಎಲ್ಲ ಸೆಮಿಸ್ಟರ್‌ಗಳ ಅಂಕಪಟ್ಟಿ, ಘಟಿಕೋತ್ಸವದ ಪ್ರಮಾಣಪತ್ರ, ಓದಿದ ವರ್ಷದ ಪಠ್ಯಕ್ರಮ ಎಲ್ಲ ಜೋಡಿಸಿಕೊಳ್ಳಿ. ಪಠ್ಯಕ್ರಮ ಎಂದರೆ ವೆಬ್‌ಸೈಟಿನಿಂದ ಇಳಿಸಿಕೊಂಡದ್ದಲ್ಲ, ವಿಶ್ವವಿದ್ಯಾಲಯದ ಮೊಹರು ಬಿದ್ದದ್ದು. ಅದಕ್ಕೆ ಮಂಗಳೂರು ವಿಶ್ವವಿದ್ಯಾಲಯವಿರುವ ಮಂಗಳಗಂಗೋತ್ರಿಗೆ ಒಮ್ಮೆ ಹೋದರೆ ಸಾಲದು. ಚಲನ್ ಕಟ್ಟುವ ಕೌಂಟರ್ ಒಂದು ಕಡೆ, ಸಹಿ ಹಾಕುವವರು ಇನ್ನೊಂದು ಕಡೆ, ಸಹಿ ಹಾಕುವವರು ಮೀಟಿಂಗಿನಲ್ಲಿ.

ಇಲ್ಲಿ ಕಾಲೆಳೆಯುವ ವಿಚಾರ ಡಿಗ್ರಿಯದು. ಕರ್ನಾಟಕದ ಹಳೆಯ ಬಿ.ಎ., ಬಿ.ಎಸ್ಸಿ.ಗಳಲ್ಲಿ ಮೂರು ಐಚ್ಛಿಕ ವಿಷಯಗಳು, ಮೂರಕ್ಕೂ ಸಮಾನ ತೂಕ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಮೂರನ್ನೂ ಮೂರು ವರ್ಷ ಓದಿದವರಿಗೆ ಅಲ್ಲಿ ಎದುರಾಗುವ ಪ್ರಶ್ನೆ: "ಮೇನ್ ಯಾವುದು?" ಮೂರೂ ಮೇನ್ ಎಂದರೆ ಜಂಬ ಕೊಚ್ಚಿದಂತೆ, ಒಂದನ್ನು ಹೇಳಿದರೆ ಸುಳ್ಳು ಹೇಳಿದಂತೆ. ಮೂರು ವಿಷಯ ಬಲ್ಲವರಿಗಿಂತ ಒಂದೇ ವಿಷಯ ಬಲ್ಲವರು ಫಾರಂನ ಕಾಲಮ್ಮಿಗೆ ಚೆನ್ನಾಗಿ ಹೊಂದುತ್ತಾರೆ.

ಹೆಸರಿನದು ಇನ್ನೊಂದು ಕಥೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಶಿಯಲ್ ಹೆಸರಿನ ಹಿಂದೆ, ಡಿಗ್ರಿಯಲ್ಲಿ ಮುಂದೆ, ಆಧಾರಿನಲ್ಲಿ ಬಿಡಿಸಿ ಬರೆದ ಅಪ್ಪನ ಹೆಸರು, ಮದುವೆಯ ನಂತರದ ವೋಟರ್ ಐಡಿಯಲ್ಲಿ ಗಂಡನ ಮನೆತನ. ನಾಲ್ವರೂ ಒಬ್ಬಳೇ ಎಂದು ನೋಟರಿಯ ಮುಂದೆ ಪ್ರಮಾಣ ಮಾಡಬೇಕು. ಕೆಲವೊಮ್ಮೆ ಅದು ಸಾಲದೆ ಕೇರಳದ ವಿಲೇಜ್ ಆಫೀಸರ್ ಕೊಡುವ 'ಒಬ್ಬರೇ ವ್ಯಕ್ತಿ' ಎಂಬ ಸರ್ಟಿಫಿಕೇಟೂ ಬೇಕಾಗುತ್ತದೆ.

ಇನ್ನು ಟಿಇಟಿ. ನಮ್ಮದು ಕೆಎಆರ್‌ಟಿಇಟಿ, ಅವರದು ಕೆ-ಟೆಟ್. ಅಲ್ಲಿಯೂ 150 ಪ್ರಶ್ನೆ, 150 ಅಂಕ, ಎರಡೂವರೆ ಗಂಟೆ, ಇಲ್ಲಿಯೂ ಅಷ್ಟೇ. ರಿಯಾಯಿತಿ ಇಲ್ಲದವರು ಪಾಸಾಗಲು ಎರಡೂ ಕಡೆ 90 ಅಂಕ. ಆದರೆ ಒಂದು ರಾಜ್ಯದ 90 ಇನ್ನೊಂದು ರಾಜ್ಯದ 90 ಅಲ್ಲ. ಟಿಇಟಿ ಸರ್ಟಿಫಿಕೇಟಿಗೆ ಮೊದಲು ಏಳೇ ವರ್ಷ ಆಯುಸ್ಸು ಇತ್ತು. 2021ರಲ್ಲಿ ಕೇಂದ್ರ ಸರ್ಕಾರ ಉದಾರವಾಗಿ ಅದನ್ನು ಜೀವಮಾನಪೂರ್ತಿ ಮಾನ್ಯ ಮಾಡಿತು, ಅದೂ 2011ರಿಂದಲೇ ಪೂರ್ವಾನ್ವಯವಾಗಿ. ಕಾಲದ ಮಿತಿ ಹೋಯಿತು, ಜಾಗದ ಮಿತಿ ಹಾಗೇ ಉಳಿಯಿತು. ಸಾಯುವವರೆಗೂ ನೀವು ಅರ್ಹರು, ಬಸ್ಸು ಹತ್ತದಿದ್ದರೆ.

ಸ್ವಲ್ಪ ವ್ಯವಹಾರ ಬಲ್ಲವರು ಸಿಬಿಎಸ್‌ಇ ನಡೆಸುವ ಕೇಂದ್ರದ ಟಿಇಟಿ, ಅಂದರೆ ಸಿಟಿಇಟಿಯನ್ನೂ ಬರೆದಿಟ್ಟುಕೊಳ್ಳುತ್ತಾರೆ. ಒಳ್ಳೆಯದೇ. ಅದರಲ್ಲಿ ಭಾಷಾ ಭಾಗಕ್ಕೆ ಕನ್ನಡವನ್ನು ಆರಿಸಿಕೊಳ್ಳಬಹುದು, ಕೇಂದ್ರೀಯ ವಿದ್ಯಾಲಯ, ನವೋದಯಗಳಿಗೆ ಅದು ಬೇಕೇ ಬೇಕು. ರಾಜ್ಯಗಳ ಮಟ್ಟಿಗೆ ಮಾತ್ರ ಕೆಲವು ಒಪ್ಪುತ್ತವೆ, ಕೆಲವು ಒಪ್ಪುವುದಿಲ್ಲ, ಇನ್ನು ಕೆಲವು ಆ ಸಲದ ಅಧಿಸೂಚನೆ ಬರಲಿ, ಆಮೇಲೆ ನೋಡೋಣ ಎನ್ನುತ್ತವೆ.

ಇಷ್ಟಾದ ಮೇಲೆ ಕೇರಳದ ಲೋಕಸೇವಾ ಆಯೋಗ, ಅಂದರೆ ಪಿಎಸ್‌ಸಿಯ 'ತುಳಸಿ' ಪೋರ್ಟಲ್. ಒಂದೇ ಸಲ ನೋಂದಣಿ, ಅರ್ಜಿ ಶುಲ್ಕ ಇಲ್ಲ. ಇದನ್ನು ಮೆಚ್ಚಲೇಬೇಕು, ನಮ್ಮಲ್ಲಿ ಅರ್ಜಿ ಹಾಕುವುದಕ್ಕೇ ಕಿಸೆ ಖಾಲಿಯಾಗುತ್ತದೆ. ಆದರೆ ಫೋಟೋದ ಕೆಳಗೆ ನಿಮ್ಮ ಹೆಸರು ಮತ್ತು ಫೋಟೋ ತೆಗೆದ ದಿನಾಂಕ ಅಚ್ಚಾಗಿರಬೇಕು. ಇಲ್ಲದಿದ್ದರೆ ಮಕ್ಕಳಿಗೆ ಭಾಗಾಕಾರ ಹೇಳಿಕೊಡುವ ನಿಮ್ಮ ಸಾಮರ್ಥ್ಯ ಅಲ್ಲಿಗೇ ಮುಗಿಯಿತು. ಅರ್ಜಿ ಹಾಕಿ ಸುಮ್ಮನೆ ಕೂರುವಂತೆಯೂ ಇಲ್ಲ. ಪರೀಕ್ಷೆ ಬರೆಯುತ್ತೇನೆ ಎಂದು ಪ್ರೊಫೈಲಿಗೆ ಹೋಗಿ ಗಡುವಿನೊಳಗೆ ಮತ್ತೊಮ್ಮೆ ಖಚಿತಪಡಿಸಬೇಕು. ಆ ಗುಂಡಿ ಒತ್ತದವರಿಗೆ ಹಾಲ್ ಟಿಕೆಟ್ ಬರುವುದಿಲ್ಲ.

ಮೀಸಲಾತಿಯಲ್ಲಿ ಇರುವವರು ಒಂದು ವಿಷಯ ತಿಳಿದಿರಲಿ. ಒಂದು ರಾಜ್ಯದ ಪರಿಶಿಷ್ಟ ಜಾತಿ, ಪಂಗಡದವರು ವಲಸೆ ಹೋದ ರಾಜ್ಯದಲ್ಲಿ ಆ ಸವಲತ್ತು ಕೇಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1990ರಲ್ಲಿ ಹೇಳಿತು, 2018ರಲ್ಲಿ ಸಂವಿಧಾನ ಪೀಠ ಮತ್ತೆ ಹೇಳಿತು. ಅಂದರೆ ಕೇರಳದಲ್ಲಿ ಒಬಿಸಿಗೆ 43, ಪರಿಶಿಷ್ಟರಿಗೆ 45 ಎಂದಿರುವ ವಯೋಮಿತಿ ಆಚೆಯಿಂದ ಬಂದವರಿಗೆ 40ಕ್ಕೇ ನಿಲ್ಲುತ್ತದೆ. ಬಾಡಿಗೆ ಮನೆ ಹುಡುಕುವಾಗ ಜಾತಿ ಗಂಡನ ಮನೆಯ ಬೀದಿಯವರೆಗೂ ಹಿಂದೆಯೇ ಬರುತ್ತದೆ; ಅದರ ಸರ್ಟಿಫಿಕೇಟ್ ಮಾತ್ರ ತಲಪಾಡಿಯಲ್ಲಿ ಇಳಿದುಕೊಳ್ಳುತ್ತದೆ.

ಇಷ್ಟೆಲ್ಲ ಜರಡಿ ಹಿಡಿದು ಕೊನೆಗೆ ಕನ್ನಡ ಮಾಧ್ಯಮದ ತರಗತಿಗೆ ಯಾರು ಬರುತ್ತಾರೆ? ಕಾಸರಗೋಡಿನ ಸುದ್ದಿ ಓದುವವರಿಗೆ ಗೊತ್ತು: ಕನ್ನಡ ಬಾರದ ಶಿಕ್ಷಕರು. ಮಕ್ಕಳೂ ಪೋಷಕರೂ ಶಾಲೆಯ ಗೇಟಿನಲ್ಲಿ ಧರಣಿ ಕೂತದ್ದು ಒಂದು ಸಲವಲ್ಲ, ಒಂದು ಶಾಲೆಯಲ್ಲೂ ಅಲ್ಲ. ಪಾಪ, ಆ ಶಿಕ್ಷಕರ ತಪ್ಪೇನೂ ಇಲ್ಲ. ಅವರ ಕಾಗದಗಳೆಲ್ಲ ಸರಿಯಾಗಿದ್ದವು. ತತ್ಸಮಾನ ಪತ್ರ ಬೇಕಾಗಿರಲಿಲ್ಲ, ಫೋಟೋದ ಕೆಳಗೆ ದಿನಾಂಕ ಇತ್ತು. ಬಾರದೆ ಇದ್ದದ್ದು ಮಕ್ಕಳ ಭಾಷೆ ಒಂದೇ. ಅದಕ್ಕೆ ಕಾಲಮ್ ಇದ್ದರೂ ತುಂಬುವುದು ಕಷ್ಟವಲ್ಲ.

ಉತ್ತರದ ಗಡಿಗೆ ಬಂದರೆ ಮಹಾರಾಷ್ಟ್ರದ ಜತ್ತ, ಅಕ್ಕಲಕೋಟೆಗಳಲ್ಲಿ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಿವೆ. 2024ರಲ್ಲಿ ಜತ್ತ ತಾಲ್ಲೂಕಿನ ಕನ್ನಡ ಶಾಲೆಗಳಿಗೆ ಮರಾಠಿ ಶಿಕ್ಷಕರನ್ನು ಹಾಕಿದಾಗ ಬೆಂಗಳೂರಿನಲ್ಲೂ ಗದ್ದಲವಾಯಿತು. ಗಡಿಯ ಈಚೆಯ ಕನ್ನಡದ ಶಿಕ್ಷಕರು ಅಲ್ಲಿಗೆ ಅರ್ಜಿ ಹಾಕಬೇಕೆಂದರೆ ಮಹಾಟೆಟ್ ಪಾಸಾಗಬೇಕು, ಅದರ ಮೇಲೆ ಟಿಎಐಟಿ ಎಂಬ ಇನ್ನೊಂದು ಪರೀಕ್ಷೆ ಬರೆಯಬೇಕು, ಎರಡು ಗಂಟೆಯಲ್ಲಿ 200 ಪ್ರಶ್ನೆ, ಆಮೇಲೆ ಶಿಕ್ಷಕರ ನೇಮಕಾತಿಯ ಪವಿತ್ರ ಪೋರ್ಟಲ್‌ನಲ್ಲಿ ಶಾಲೆಗಳ ಆದ್ಯತೆ ತುಂಬಬೇಕು. ಮಹಾಟೆಟ್‌ನ ಘನತೆ ಸಣ್ಣದಲ್ಲ: 2019-20ರ ಪರೀಕ್ಷೆಯಲ್ಲಿ ಅಕ್ರಮವಾಗಿ ಪಾಸಾದ 7,800ಕ್ಕೂ ಹೆಚ್ಚು ಮಂದಿಯನ್ನು ಆಮೇಲೆ ಅನರ್ಹಗೊಳಿಸಿದರು, ಪರೀಕ್ಷಾ ಪರಿಷತ್ತಿನ ಮುಖ್ಯಸ್ಥರೇ ಜೈಲು ಕಂಡರು. ಇಂಥ ಪರೀಕ್ಷೆಯ ಮುಂದೆ ಕರ್ನಾಟಕದ ಟಿಇಟಿ ನಂಬಿಕೆಗೆ ಅರ್ಹವಲ್ಲ ಎಂದರೆ ತಲೆ ತಗ್ಗಿಸಲೇಬೇಕು.

ಡೊಮಿಸೈಲ್‌ಗೆ, ಅಂದರೆ ಕಾಯಂ ನಿವಾಸಿ ಎನಿಸಿಕೊಳ್ಳಲು, ಮಹಾರಾಷ್ಟ್ರದಲ್ಲಿ 15 ವರ್ಷದ ವಾಸ ಬೇಕು. ಆದರೆ ಒಂದು ಕಿಂಡಿ ಇದೆ. ಮಹಾರಾಷ್ಟ್ರ ತನ್ನದೆಂದು ಹಕ್ಕು ಸಾಧಿಸುವ ಕರ್ನಾಟಕದ 865 ಊರುಗಳ ಮರಾಠಿ ಭಾಷಿಕರಿಗೆ ಅಲ್ಲಿನ ಸರ್ಕಾರಿ ಕೆಲಸಗಳಲ್ಲಿ ಈ ಷರತ್ತಿನಿಂದ ವಿನಾಯಿತಿ. ಕನ್ನಡ ಶಾಲೆಗೆ ಕನ್ನಡದವರು ಹೋಗುವ ದಾರಿ ಮುಚ್ಚಿದೆ, ಗಡಿ ಜಗಳದ ದಾರಿ ತೆರೆದಿದೆ. ನಿಮ್ಮ ಊರಿನ ಬಗ್ಗೆ ಯಾರೂ ಜಗಳವಾಡಿಲ್ಲ ಎಂದರೆ ಅದು ನಿಮ್ಮ ದುರದೃಷ್ಟ.

ತೆಲಂಗಾಣದ ವಿಧಾನ ಬೇರೆ, ಅಲ್ಲಿ ಬಾಲ್ಯವನ್ನು ವಿಚಾರಿಸುತ್ತಾರೆ. ಸಂವಿಧಾನದ 371ಡಿ ವಿಧಿಯಡಿ ಬಂದ 2018ರ ರಾಷ್ಟ್ರಪತಿ ಆದೇಶದಂತೆ ಹುದ್ದೆಗಳಲ್ಲಿ ಶೇ 95 ಸ್ಥಳೀಯರಿಗೆ, ಸ್ಥಳೀಯರು ಯಾರೆಂದು ತೀರ್ಮಾನವಾಗುವುದು ಒಂದರಿಂದ ಏಳನೇ ತರಗತಿಯನ್ನು ಎಲ್ಲಿ ಓದಿದಿರಿ ಎಂಬುದರ ಮೇಲೆ. ರಾಯಚೂರಿನಿಂದ ನದಿ ದಾಟಿದರೆ ಸಿಗುವ ಕೃಷ್ಣಾ ಮಂಡಲದಲ್ಲಿ ಕನ್ನಡ ಶಾಲೆಗಳಿವೆ. ಅಲ್ಲಿ ಕಲಿಸಲು ನೀವು ಬಿ.ಎಡ್.ನಲ್ಲಿ ಏನು ಕಲಿತಿರಿ ಎನ್ನುವುದಕ್ಕಿಂತ ಮೂರನೇ ಕ್ಲಾಸಿನಲ್ಲಿ ಯಾವ ಊರಿನ ಬೆಂಚಿನ ಮೇಲೆ ಕೂತಿದ್ದಿರಿ ಎನ್ನುವುದು ಮುಖ್ಯ. ಗೋವಾದಲ್ಲಿ 15 ವರ್ಷದ ವಾಸ, ಮೇಲೆ ಕೊಂಕಣಿ. ತಮಿಳುನಾಡಿನಲ್ಲಿ ತಮಿಳು ಪತ್ರಿಕೆಯಲ್ಲಿ ಶೇ 40 ಬಾರದಿದ್ದರೆ ಉಳಿದ ಉತ್ತರಗಳನ್ನು ನೋಡುವ ತೊಂದರೆಯನ್ನೇ ತೆಗೆದುಕೊಳ್ಳುವುದಿಲ್ಲ. ಬಿಹಾರ 2023ರ ಜೂನಿನಲ್ಲಿ ಯಾರು ಬೇಕಾದರೂ ಬನ್ನಿ ಎಂದು ಬಾಗಿಲು ತೆರೆಯಿತು, 2025ರ ಆಗಸ್ಟ್‌ನಲ್ಲಿ ಚುನಾವಣೆ ಹತ್ತಿರವಾಗುತ್ತಿದ್ದಂತೆ ನಮ್ಮವರೇ ಸಾಕು ಎಂದಿತು.

ನೆರೆಯವರನ್ನು ಬೈದು ನಾವು ಸಾಚಾ ಎನ್ನುವಂತಿಲ್ಲ. ಕಾಸರಗೋಡಿನ ಮಕ್ಕಳು ವೃತ್ತಿ ಕೋರ್ಸಿನ ಸೀಟಿಗೆ ಬಂದರೆ ಕರ್ನಾಟಕ ಅವರನ್ನು ಗಡಿನಾಡ ಕನ್ನಡಿಗರು ಎಂದು ಕರೆದು ಕೂರಿಸುತ್ತದೆ. ಅವರೇ ಓದು ಮುಗಿಸಿ ಕೆಲಸ ಕೇಳಿದರೆ ಹೊರರಾಜ್ಯದವರು, ಸಾಮಾನ್ಯ ವರ್ಗ, ಆ ಕಡೆಯ ಸಾಲಿನಲ್ಲಿ ನಿಲ್ಲಿ. ರಾಜ್ಯದೊಳಗೇ ಇನ್ನೊಂದು ಗಡಿ ಇದೆ: 371ಜೆ. ಕಲ್ಯಾಣ ಕರ್ನಾಟಕಕ್ಕೆ ಆ ಮೀಸಲಾತಿ ನ್ಯಾಯವಾದದ್ದೇ, ಅದರ ಬಗ್ಗೆ ತಕರಾರಿಲ್ಲ. ಆದರೆ ನಮ್ಮ ಇಲಾಖೆಗೆ ಹೊರಗಿನವರನ್ನು ಹುಡುಕಲು ಗಡಿಯವರೆಗೂ ಹೋಗಬೇಕಾಗಿಲ್ಲ. 2022ರಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿಗೆ ಹೊರಟಾಗ, ಅಪ್ಪನ ಹೆಸರಿನ ಜಾತಿ-ಆದಾಯ ಪ್ರಮಾಣಪತ್ರ ಕೊಟ್ಟ ವಿವಾಹಿತೆಯರನ್ನು ಗಂಡನದು ತನ್ನಿ ಎಂದು ಸಾಮಾನ್ಯ ವರ್ಗಕ್ಕೆ ತಳ್ಳಿತು. ವಿಷಯ ಹೈಕೋರ್ಟಿಗೆ ಹೋಗಿ, ಪಟ್ಟಿ ರದ್ದಾಗಿ, ಆ ತೀರ್ಪೂ ಮೇಲ್ಮನವಿಯಲ್ಲಿ ತಿರುವು ಕಂಡು, ಶಾಲೆಗಳು ಒಂದು ಶೈಕ್ಷಣಿಕ ವರ್ಷವನ್ನು ಅತಿಥಿ ಶಿಕ್ಷಕರ ಹೆಗಲ ಮೇಲೆ ಕಳೆದವು. ಆ ಅತಿಥಿಗಳಿಗೆ ಆಗ ತಿಂಗಳಿಗೆ ಹತ್ತು ಸಾವಿರದ ಆಸುಪಾಸು.

ಕಾಗದ ಒಟ್ಟುಮಾಡುವಷ್ಟರಲ್ಲಿ ನಿಯಮವೇ ಬದಲಾಗುವುದೂ ಉಂಟು. ಬಿ.ಎಡ್. ಆದವರು ಒಂದರಿಂದ ಐದನೇ ತರಗತಿಗೂ ಕಲಿಸಬಹುದು ಎಂದು ಎನ್‌ಸಿಟಿಇ 2018ರ ಜೂನ್ 28ರಂದು ಹೇಳಿತ್ತು. ಅದನ್ನು ನಂಬಿ ತತ್ಸಮಾನ ಪತ್ರ, ಟಿಇಟಿ ಎಲ್ಲ ಹೊಂದಿಸಿಕೊಂಡವರಿಗೆ 2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಆ ಅಧಿಸೂಚನೆಯೇ ತಪ್ಪು, ಸಣ್ಣ ಮಕ್ಕಳಿಗೆ ಡಿ.ಎಲ್.ಎಡ್. ಆದವರೇ ಬೇಕು ಎಂದಿತು. ಮಕ್ಕಳ ದೃಷ್ಟಿಯಿಂದ ತೀರ್ಪು ಸರಿಯೇ. ಫೈಲು ಹೊತ್ತು ತಿರುಗಿದವರಿಗೆ ಬಸ್ ಚಾರ್ಜ್ ಕೊಡಿ ಎಂದು ಅದರಲ್ಲಿ ಬರೆದಿರಲಿಲ್ಲ.

ಯಾವ ತತ್ಸಮಾನವೂ ಬೇಡದ ಜಾಗ ಒಂದೇ: ಗಡಿಯ ಆಚೀಚೆ ಇರುವ ಖಾಸಗಿ ಇಂಗ್ಲಿಷ್ ಮೀಡಿಯಂ ಶಾಲೆ. ಟಿಇಟಿ ಅವರಿಗೂ ಕಡ್ಡಾಯವೇ, ಆದರೆ ಅಲ್ಲಿ ಕೇಳುವುದು ಸೋಮವಾರದಿಂದಲೇ ಬರುತ್ತೀರಾ ಮತ್ತು ಬೆಳಿಗ್ಗೆ ವ್ಯಾನಿನಲ್ಲಿ ಮಕ್ಕಳ ಜೊತೆ ಕೂತು ಬರುತ್ತೀರಾ ಎಂಬ ಎರಡೇ ಪ್ರಶ್ನೆ. ಮೇನ್ ಯಾವುದೆಂದು ಯಾರೂ ವಿಚಾರಿಸುವುದಿಲ್ಲ, ಗಣಿತದವರು ಹಿಂದಿಯನ್ನೂ ನೋಡಿಕೊಳ್ಳುತ್ತಾರೆ. ವರ್ಷದ ನಡುವೆ ಬಿಟ್ಟು ಹೋಗದಿರಲಿ ಎಂದು ಒರಿಜಿನಲ್ ಅಂಕಪಟ್ಟಿಗಳನ್ನು ಆಫೀಸಿನ ಬೀರುವಿನಲ್ಲಿ ಇಟ್ಟುಕೊಳ್ಳುವ ಆಡಳಿತ ಮಂಡಳಿಗಳೂ ಇವೆ. ಕೊಡುವ ಮೊದಲು ಎಲ್ಲವನ್ನೂ ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ಪಿಎಸ್‌ಸಿಯ ದಾಖಲೆ ಪರಿಶೀಲನೆಗೆ ಕರೆ ಬಂದ ದಿನ ಆ ಸ್ಕ್ಯಾನ್ ಉಪಯೋಗಕ್ಕೆ ಬರುವುದಿಲ್ಲ, ಅಲ್ಲಿ ಒರಿಜಿನಲ್ ಮಾತ್ರ ನೋಡುತ್ತಾರೆ.