ತಾಯಿ ದನ ಗಬ್ಬ ನಿಲ್ಲದಿದ್ದರೆ ಮಗಳೂ ನಿಲ್ಲುವುದಿಲ್ಲವೇ? ಒಂದು ಸ್ಪಷ್ಟನೆ

ಪೆರ್ಲ, ಬದಿಯಡ್ಕ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: "ತಾಯಿ ದನ ಗಬ್ಬ ನಿಲ್ಲಲು ಸತಾಯಿಸಿದರೆ ಮಗಳೂ ಹಾಗೇ. ಕಡಸನ್ನು ಈಗಲೇ ಮಾರಿಬಿಡಿ." ಇದು ಸರಿಯಲ್ಲ.

ಗಬ್ಬ ನಿಲ್ಲುವ ವಿಷಯದಲ್ಲಿ ದನದಿಂದ ದನಕ್ಕೆ ಕಾಣುವ ವ್ಯತ್ಯಾಸದಲ್ಲಿ ವಂಶದ ಪಾಲು ಸಾಮಾನ್ಯವಾಗಿ 100ರಲ್ಲಿ 10ಕ್ಕಿಂತ ಕಡಿಮೆ. ಉಳಿದದ್ದೆಲ್ಲ ಮೇವು, ಕಾಯಿಲೆ, ಸೆಕೆ, ಮತ್ತೆ ನಮ್ಮ ಗಮನ. ನಮ್ಮ ಹಟ್ಟಿಯ ಕಾಸರಗೋಡು ಗಿಡ್ಡ ತಳಿಯ ದನ ಒಂದು ಬೆಳಗ್ಗೆ ಕೂಗಿತು, ಗಾಜಿನ ಹಾಗೆ ಲೋಳೆ ಇಳಿಯಿತು. ನಾವು ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಕೊಡಿಸಿದ್ದು ಮರುದಿನ ಸಂಜೆ! ನಿಲ್ಲುವುದು ಹೇಗೆ? ಬೆಳಗ್ಗೆ ಬೆದೆ ಕಂಡರೆ ಅದೇ ಸಂಜೆ ಕೊಡಿಸಬೇಕು. ಸುಮ್ನೆ ಅದರ ತಾಯಿಯನ್ನು ಬೈದೆವು.

ಹಾಗಂತ ವಂಶ ಲೆಕ್ಕಕ್ಕೇ ಇಲ್ಲ ಅಂತಲ್ಲ. ಆಂಗಸ್, ಹೆರೆಫೋರ್ಡ್‌ನಂಥ ಮಾಂಸದ ತಳಿಗಳಲ್ಲಿ ಹೋರಿಯ ಬೀಜದ ಸುತ್ತಳತೆಯನ್ನು ಟೇಪು ಹಿಡಿದು ಅಳೆಯುತ್ತಾರೆ. ಅದರಲ್ಲಿ ವಂಶದ ಪಾಲು 100ರಲ್ಲಿ ಸುಮಾರು 40ರಿಂದ 50. ಸುತ್ತಳತೆ ಜಾಸ್ತಿ ಇರುವ ಹೋರಿಯ ಹೆಣ್ಣುಕರುಗಳು ಸರಾಸರಿಯಲ್ಲಿ ಬೇಗ ಬೆದೆಗೆ ಬರುತ್ತವೆ. ನಾವು ನೋಡುವುದು ತಾಯಿಯನ್ನು ಮಾತ್ರ, ಅಲ್ವಾ?

ಗಂಡುಕರುವಿನ ಜೊತೆ ಅವಳಿಯಾಗಿ ಹುಟ್ಟಿದ ಹೆಣ್ಣುಕರು ಮಾತ್ರ 10ರಲ್ಲಿ 9 ಸಲ ಬಂಜೆ. ಅದೂ ವಂಶದ ದೋಷವಲ್ಲ, ಗರ್ಭದಲ್ಲಿ ಎರಡರ ರಕ್ತ ಬೆರೆತದ್ದರಿಂದ.